ಗೋಡೆ ಬದಿಯ ಜಾಗ

ರಾಸ್ ಅಲ್ ಖೈಮಾದ ಧಕ್ಕೆಗೆ ಆ ದೋಣಿ
ಲಾರಿಯ ಮೇಲೆ ಬಂತು.
ಐವತ್ತೇಳು ಅಡಿ ಉದ್ದ, ಅಗಲ ಏಳೇ ಏಳು.
ಪಡವಲಕಾಯಿ, ಅಂದ ಕ್ರೇನಿನ ಬಶೀರ.
ನನಗೆ ನಗು ಬರಲಿಲ್ಲ. ಬೇಲೆಕೇರಿಯಲ್ಲಿ
ಅಪ್ಪನ ಪಾತಿದೋಣಿಯೂ ಹೀಗೇ,
ಒಬ್ಬ ಮಲಗಿದರೆ ಇನ್ನೊಬ್ಬ
ಅವನನ್ನು ದಾಟಿಯೇ ಹೋಗಬೇಕು.

ಬಾಗಿಲಿಗೆ ಗುಲಾಬಿ ಬರೆದಿತ್ತು, ನೀರಿನ ಕೊಡಕ್ಕೂ ಗುಲಾಬಿ,
ಚಹದ ಕಪಾಟಿಗೊಂದು ಕೋಟೆ.
ಒಡತಿ ಮೂರಿಯಲ್ ಮೇಡಂ, ಎಪ್ಪತ್ತು ದಾಟಿದವರು,
ಎಡಮಂಡಿಗೆ ಪಟ್ಟಿ, ತಲೆಗೆ ಗಂಡಸಿನ ಟೋಪಿ.
ಮಗಳು ಇಲ್ಲಿಯ ಶಾಲೆಯಲ್ಲಿ ಟೀಚರು;
ಅವಳ ಹದಿನಾಲ್ಕನೇ ಮಹಡಿಯಲ್ಲಿ
ಇವರಿಗೆ ನಿದ್ದೆ ಹತ್ತದಂತೆ.
"ನೀರು ಮಿಸುಕದ ಜಾಗ ತೋರಿಸು" ಅಂದರು.

ದರಪಟ್ಟಿ ಹಿಡಿದು ಹೊರಟೆವು.
ಅಡಿಗಿಷ್ಟು ದಿರ್ಹಮ್ ಎಂದು ಇಲ್ಲಿಯ ಲೆಕ್ಕ.
ಉದ್ದಕ್ಕೆ ದುಡ್ಡು, ಅಗಲವನ್ನು ಯಾರೂ ಕೇಳುವುದಿಲ್ಲ,
ತೆಳ್ಳಗೆ ಹುಟ್ಟಿದ್ದಕ್ಕೆ ರಿಯಾಯಿತಿಯಿಲ್ಲ.

'ಎ' ಸಾಲು: ತೇಲುವ ಹಲಗೆ, ಗುಂಡಿ ಒತ್ತಿದರೆ ಕರೆಂಟು,
ಎದುರು ಹೋಟೆಲಿನ ಸುಟ್ಟ ಮೀನು, ಹುಕ್ಕಾದ ಸೇಬಿನ ಹೊಗೆ.
ಅಕ್ಕಪಕ್ಕ ಬಿಳಿಯ ದೊಡ್ಡ ದೊಡ್ಡ ಬೋಟುಗಳು,
ಯಜಮಾನರು ವರ್ಷಕ್ಕೆ ಎರಡು ಸಲ ಬರುತ್ತಾರೆ,
ಎ.ಸಿ. ಮಾತ್ರ ವರ್ಷವಿಡೀ ಉಸಿರಾಡುತ್ತದೆ.
ಮೇಡಂ ಮೂಗು ಮುರಿದರು.

'ಸಿ' ಸಾಲು ಕಡಲ ಬಾಯಿಗೆ ಹತ್ತಿರ.
ಶಮಾಲ್ ಗಾಳಿ ಎದ್ದ ದಿನ ಅಲ್ಲಿ ಚಪ್ಪಟೆ ತಳದ ದೋಣಿ
ಓಡುವವನ ಕೈತಟ್ಟೆಯ ಮೇಲಿನ ಲೋಟ.
ಬೇಡವೆಂದು ನಾನೇ ಅಂದೆ.
ಆಫೀಸಿನ ರೋಡೆಲ್ ದೂರದಿಂದಲೇ ಕಣ್ಣು ಬಿಟ್ಟ,
'ಸಿ'ಯಲ್ಲಿ ಖಾಲಿ ಜಾಗ ಒಂಬತ್ತು.

ಉಳಿದದ್ದು ಹಳೆಯ ಕಲ್ಲುಗೋಡೆ.
ಡೀಸೆಲ್ ಪಂಪಿನ ಹಿಂದೆ,
ಹಿಂದೆಲ್ಲ ಮೀನಿನ ಮಚವೆಗಳು ನಿಲ್ಲುತ್ತಿದ್ದ ಕಡೆ.
ಕಬ್ಬಿಣದ ಬಳೆಗಳಿಗೆ ತುಕ್ಕು, ನಲ್ಲಿ ಒಂದೇ, ಅದೂ ತೊಟ್ಟಿಕ್ಕುವುದು,
ಬೆಳಗಿನ ಬಾಂಗು ನೇರ ಕಿವಿಗೆ. ಅರ್ಧ ಬೆಲೆ.
ಮೇಡಂ ಕೂತು ಕಾಲು ಇಳಿಬಿಟ್ಟರು,
ದನ ಕೊಳ್ಳುವವರಂತೆ ಕಲ್ಲಿನ ಬೆನ್ನು ಸವರಿದರು.
"ಇದೇ. ಬದಿಗೆ ಬದಿ ತಾಗಿಸಿ ಕಟ್ಟಬಹುದು.
ನಮ್ಮ ಕಾಲುವೆಯಲ್ಲಿ ಮೂವತ್ತೊಂದು ವರ್ಷ ಹೀಗೇ."

ನಾನೆಂದೆ: ಮೇಡಂ, ಇದು ಏರಿಳಿಯುವ ನೀರು.
ಅವರೆಂದರು: ಕಾಲುವೆಯೂ ಏರುತ್ತದಪ್ಪ, ಬಾಗಿಲು ತೆರೆದರೆ.
ಇಲ್ಲಿ ಬಾಗಿಲ ಕೀಲಿ ಚಂದ್ರನ ಸೊಂಟದಲ್ಲಿದೆ, ಅಂದೆ.
ನಕ್ಕು ಸಹಿ ಹಾಕಿದರು.

ಎಷ್ಟು ಬಿಗಿಯಾಗಿ ಕಟ್ಟಿದರು! ಮುಂದೊಂದು, ಹಿಂದೊಂದು,
ಗುಂಡಿ ಹೊಲಿದ ಹಾಗೆ.
ಅಂಥ ಗಂಟು ನಾನು ಕಂಡದ್ದಿಲ್ಲ, ಚೆಂದವಿತ್ತು,
ಅದಕ್ಕೇ ಮುಟ್ಟಲಿಲ್ಲ.

ರಾತ್ರಿ ಎರಡೂವರೆಗೆ ಇಳಿತ.
ಹಗ್ಗ ಕಿರ್ರೆಂದಿತು. ದೋಣಿ ಗೋಡೆಗೆ ನೇತುಬಿದ್ದು ವಾಲಿ
ಒಳಗೆ ಪಿಂಗಾಣಿ ಏನೋ ಉರುಳಿತು.
ದೀಪ ಹತ್ತಲಿಲ್ಲ.
ಅಪ್ಪ ದೋಣಿ ಕಟ್ಟಿದವನಲ್ಲ,
ಮರಳಿಗೆ ಎಳೆದು ಮಡಲು ಹೊದಿಸಿ ಉಣ್ಣಲು ಹೋದವನು.
ಕಟ್ಟುವುದನ್ನು ನಾನು ಕಲಿತದ್ದು ಇಲ್ಲಿ, ಹನ್ನೊಂದು ವರ್ಷ:
ಹಗ್ಗದ ವಿದ್ಯೆ ಮುಕ್ಕಾಲು ಪಾಲು ಸಡಿಲು.

ಬಳೆಯಲ್ಲಿ ಒಂದು ಸುತ್ತು ಉಳಿಸಿಕೊಂಡು
ಗೇಣು ಗೇಣಾಗಿ ಬಿಟ್ಟೆ. ಅಂಗೈ ಉರಿಯಿತು.
ದೋಣಿ ನಿಟ್ಟುಸಿರಿಲ್ಲದೆ ಕೂತಿತು.
ಅವರ ಗಂಟನ್ನೇ ಹಾಕಲು ನೋಡಿದೆ, ಎರಡು ಸಲ,
ಬರಲಿಲ್ಲ. ನಮ್ಮೂರ ಕುಣಿಕೆ ಹಾಕಿದೆ.

ಅಡಿಗಿಷ್ಟು, ನೀರಿಗೆ ಬೇರೆ, ಕರೆಂಟಿಗೆ ಬೇರೆ;
ದಿನಕ್ಕೆ ನಾಲ್ಕು ಸಲ ಹಗ್ಗ ಮುಟ್ಟುವ ಕೈಗೆ
ಪಟ್ಟಿಯಲ್ಲಿ ಸಾಲಿಲ್ಲ.

ಬೆಳಿಗ್ಗೆ ಮೇಡಂ ಕುಣಿಕೆ ನೋಡಿದರು, ನನ್ನನ್ನು ನೋಡಿದರು.
ಗುಲಾಬಿಯ ಮಗ್ಗಿನಲ್ಲಿ ಚಹ ಕೊಟ್ಟರು, ಸಕ್ಕರೆಯಿಲ್ಲದ್ದು.
ಮಗ್ಗಿಗೆ ಹಿಡಿಯಿರಲಿಲ್ಲ, ಮುರಿದ ಜಾಗ ಇನ್ನೂ ಬೆಳ್ಳಗಿತ್ತು.
ಎರಡೂ ಕೈಯಲ್ಲಿ ಹಿಡಿದು ಕುಡಿದೆ.
"ಮುಂದಿನದು ಎಷ್ಟಕ್ಕೆ?" ಕೇಳಿದರು.
ಮೂರಕ್ಕೆ ಐದು ನಿಮಿಷವಿದ್ದಾಗ, ಅಂದೆ.
ಮೇಡಂ ಒಳಗಿನಿಂದ
ಇನ್ನೊಂದು ಕುರ್ಚಿ ತಂದರು.